ಅಧ್ಯಕ್ಷರನ್ನು ಸಣ್ಣದು ಮಾಡಿದ ಕಥೆ

ವರ್ಷಗಟ್ಟಲೆ ಕನ್ನಡದ ಕರಡು ತಿದ್ದಿದವನು ನಾನು. ಇಂಗ್ಲಿಷ್ ಕರಡು ಮೊದಲ ಸಲ ಮೇಜಿಗೆ ಬಂದಾಗ ಹೆದರಿಸಿದ್ದು ವ್ಯಾಕರಣವಲ್ಲ, ದೊಡ್ಡ ಎಬಿಸಿಡಿ, ಸಣ್ಣ ಎಬಿಸಿಡಿ. ನಮ್ಮ ಲಿಪಿಗೆ ಆ ತಾಪತ್ರಯವೇ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿದರೆ ಕ ಹೋಗಿ ಖ ಬರುತ್ತದೆ, ನ ಹೋಗಿ ಣ ಬರುತ್ತದೆ. ನನ್ನ ಬೆರಳಿಗೆ ಶಿಫ್ಟ್ ಎಂದರೆ ಉಚ್ಚಾರ, ಅಷ್ಟೇ.

ಬಂದದ್ದು ಒಂದು ಸಹಕಾರ ಸಂಘದ ಸ್ಮರಣ ಸಂಚಿಕೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಧ್ಯಕ್ಷರು ಕೆರೆಯ ಬಳಿ ರೈತರನ್ನು ಭೇಟಿಯಾಗಿ ಸಭೆ ನಡೆಸಿದರು ಎಂಬ ಒಂದು ಸಾಲಿನಲ್ಲಿ ಪ್ರೆಸಿಡೆಂಟ್, ಲೇಕ್, ಫಾರ್ಮರ್ಸ್, ಮೀಟಿಂಗ್ ಎಲ್ಲವೂ ದೊಡ್ಡಕ್ಷರದಿಂದ ಶುರು. ಕೆಂಪು ಪೆನ್ನು ಹಿಡಿದು ಒಂದೊಂದಕ್ಕೂ ಓರೆಗೆರೆ ಎಳೆದೆ. ಕರಡು ತಿದ್ದುವವರ ಸಂಕೇತದಲ್ಲಿ ಓರೆಗೆರೆ ಎಂದರೆ ಸಣ್ಣದು ಮಾಡು, ಅಕ್ಷರದ ಕೆಳಗೆ ಮೂರು ಗೆರೆ ಎಂದರೆ ದೊಡ್ಡದು ಮಾಡು. ಆ ಪುಟದಲ್ಲಿ ಮೂರು ಗೆರೆ ಎಳೆಯುವ ಪ್ರಸಂಗವೇ ಬರಲಿಲ್ಲ.

ಮರುದಿನ ಕಾರ್ಯದರ್ಶಿಯ ಫೋನು. "ಏನ್ ಸಾರ್, ನಮ್ಮ ಅಧ್ಯಕ್ಷರನ್ನ ಸಣ್ಣದು ಮಾಡಿಬಿಟ್ರಲ್ಲ!"

ಅವರು ತಮಾಷೆ ಮಾಡುತ್ತಿರಲಿಲ್ಲ. ಫೋನಿಟ್ಟ ಮೇಲೆ ಯೋಚಿಸಿದೆ. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇದೆ: ಬಂದನು, ಬಂದರು. ಇಂಗ್ಲಿಷಿನ 'ಕೇಮ್' ಆಳಿಗೂ ಒಂದೇ, ಅರಸನಿಗೂ ಒಂದೇ. ಆ 'ರು' ಇಡಲು ಜಾಗ ಸಿಗದೆ ನಮ್ಮವರು ಅದನ್ನು ಪ್ರೆಸಿಡೆಂಟಿನ 'ಪಿ' ಮೇಲೆ ಕೂರಿಸಿದ್ದಾರೆ. ಇಂಗ್ಲಿಷಿನ ದೊಡ್ಡಕ್ಷರ ಮಾತ್ರ ಕೇಳುವ ಪ್ರಶ್ನೆಯೇ ಬೇರೆ: ಇದು ಒಂದರದೇ ಹೆಸರೋ, ಆ ಬಗೆಯದಕ್ಕೆಲ್ಲ ಸಲ್ಲುವ ಸಾಮಾನ್ಯ ಪದವೋ?

ಕಾರ್ಯದರ್ಶಿ ನಿವೃತ್ತ ಕನ್ನಡ ಮೇಷ್ಟ್ರು ಎಂದು ಆಮೇಲೆ ಗೊತ್ತಾಯಿತು. ಕೆಲಸ ಹಗುರಾಯಿತು. "ಸಾರ್, ನದಿ ರೂಢನಾಮ, ಕಾವೇರಿ ಅಂಕಿತನಾಮ, ಅಧ್ಯಕ್ಷ ಯಾವುದು?" ಎಂದೆ. "ಅನ್ವರ್ಥನಾಮ" ಎಂದರು, ಪಾಠ ಒಪ್ಪಿಸುವ ಹುಡುಗನ ಹಾಗೆ. ಅಂಕಿತನಾಮಕ್ಕೆ ದೊಡ್ಡಕ್ಷರ, ಉಳಿದೆರಡಕ್ಕೆ ಸಣ್ಣದು. ಹುದ್ದೆ ವ್ಯಕ್ತಿಯ ಹೆಸರಿಗೆ ಮುಂಚೆ ಅಂಟಿಕೊಂಡು ಬಂದರೆ ಮಾತ್ರ ಹೆಸರಿನ ಭಾಗ, ಆಗ ದೊಡ್ಡದು. ಇಂಗ್ಲಿಷ್ ಸಂಪಾದಕರು ನೋಡುವ ನಿಯಮಪುಸ್ತಕ ಶಿಕಾಗೋ ಕೈಪಿಡಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸಂಚಿಕೆಯ ಸಂದೇಶಗಳ ಕೊನೆಯಲ್ಲಿ ಸಹಿಯ ಕೆಳಗಿನ ಹುದ್ದೆಗಳನ್ನು ದೊಡ್ಡಕ್ಷರದಲ್ಲೇ ಬಿಟ್ಟೆ. ಅಲ್ಲಿ ಅದೇ ಪದ್ಧತಿ. ಅಧ್ಯಕ್ಷರಿಗೂ ಸಮಾಧಾನ.

ಎಂಟನೇ ಕ್ಲಾಸಿನ ಈ ಪಾಠ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ. ಮೈಸೂರು ಪಾಕ್ ತಗೊಳ್ಳಿ: ಮೈಸೂರು ದೊಡ್ಡದು, ಪಾಕ್ ಸಣ್ಣದು. ಅಕ್ಕಿ ರೊಟ್ಟಿ ಎರಡೂ ಸಣ್ಣದು. ಹಲಸೂರು ಕೆರೆ ಎಂದು ಪೂರ್ತಿ ಹೆಸರು ಹೇಳಿದಾಗ ಲೇಕಿಗೂ ದೊಡ್ಡಕ್ಷರ; ಮುಂದಿನ ಸಾಲಿನಲ್ಲಿ ಬರೀ 'ಆ ಕೆರೆ' ಆದ ಕೂಡಲೇ ಅದು ಊರಿನ ಇತರ ಕೆರೆಗಳ ಜೊತೆ ಸೇರುತ್ತದೆ. ದಿಕ್ಕುಗಳಲ್ಲಿ ಎಡವುತ್ತೇವೆ. ಮಳೆ ಕರ್ನಾಟಕದ ಉತ್ತರಕ್ಕೆ ಸರಿಯಿತು ಎಂದರೆ ದಿಕ್ಕು, ಸಣ್ಣದು. ಜೋಳದ ರೊಟ್ಟಿಯ ಉತ್ತರ ಕರ್ನಾಟಕ ಎಂದರೆ ಒಂದು ಸೀಮೆಯ ಹೆಸರು, ದೊಡ್ಡದು. 2019ರಲ್ಲಿ ಸರ್ಕಾರವೇ ಹೆಸರಿಟ್ಟ ಕಲ್ಯಾಣ ಕರ್ನಾಟಕಕ್ಕೆ ಈ ಜಗಳವೇ ಇಲ್ಲ.

ಆದರೆ ಪದಗಳು ಕೂತಲ್ಲೇ ಕೂರುವುದಿಲ್ಲ. ಇಂಟರ್ನೆಟ್ ಒಂದು ಕಾಲಕ್ಕೆ ಅಂಕಿತನಾಮ, ಲೋಕಕ್ಕೆಲ್ಲ ಒಂದೇ ಒಂದು. ನಲ್ಲಿನೀರಿನಷ್ಟು ಸಾಮಾನ್ಯವಾದ ಮೇಲೆ, 2016ರಲ್ಲಿ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ಬರವಣಿಗೆಯ ನಿಯಮಗಳಲ್ಲಿ ಅದರ 'ಐ' ಅನ್ನು ಸಣ್ಣದು ಮಾಡಿತು. 2020ರಲ್ಲಿ ಅದೇ ಸಂಸ್ಥೆ, ಜನಸಮುದಾಯವನ್ನು ಸೂಚಿಸುವಾಗ 'ಬ್ಲ್ಯಾಕ್' ಪದಕ್ಕೆ ದೊಡ್ಡಕ್ಷರ ಕೊಟ್ಟಿತು. ಅಲ್ಲಿ ಬಣ್ಣ ಹಿಂದೆ ಸರಿದು ಹೆಸರು ಮುಂದೆ ಬಂತು. ದಲಿತ ಎಂಬ ಪದವನ್ನೂ ನಾನು ದೊಡ್ಡಕ್ಷರದಲ್ಲೇ ಇಡುತ್ತೇನೆ. ಒಂದು ಸಮುದಾಯ ತಾನೇ ಆರಿಸಿಕೊಂಡ ಹೆಸರು ಅದು. ಮರ್ಯಾದೆಗೂ ದೊಡ್ಡಕ್ಷರಕ್ಕೂ ಸಂಬಂಧವಿಲ್ಲ ಎಂದು ಮೇಷ್ಟ್ರಿಗೆ ಹೇಳಿದವನು ಇಲ್ಲಿ ಸ್ವಲ್ಪ ತೊದಲುತ್ತೇನೆ.

ಈಗ ಪ್ರತಿ ಕೆಲಸಕ್ಕೂ ಒಂದು ಪದಪಟ್ಟಿ ಮಾಡುತ್ತೇನೆ. ಅನುಮಾನ ಬಂದ ಪದವನ್ನು ಮೊದಲ ಸಲ ಕಂಡಾಗಲೇ ತೀರ್ಮಾನಿಸಿ ಬರೆದಿಡುವುದು, ಕೊನೆಗೆ ಒಂದು ಸುತ್ತು ಅರ್ಥಕ್ಕೆ ಕಣ್ಣು ಕೊಡದೆ ಬರೀ ದೊಡ್ಡಕ್ಷರ ಹುಡುಕುತ್ತ ಓದುವುದು. ಮೂರನೇ ಪುಟದಲ್ಲಿ ಸಣ್ಣದಾದ ಕಮಿಟಿ ಮೂವತ್ತನೇ ಪುಟದಲ್ಲಿ ದೊಡ್ಡದಾಗಿ ಸಿಕ್ಕುವುದು ಈ ಸುತ್ತಿನಲ್ಲೇ.

'ಸ್ಟೇಟ್' ಮಾತ್ರ ಇನ್ನೂ ಕಾಡುತ್ತದೆ. ರಾಜ್ಯ ಸರ್ಕಾರ ಎನ್ನುವಾಗ ನಮ್ಮ ಇಂಗ್ಲಿಷ್ ಪತ್ರಿಕೆಗಳೇ ಒಂದೊಂದು ದಾರಿ ಹಿಡಿಯುತ್ತವೆ. ನನ್ನ ಈಗಿನ ಪಟ್ಟಿಯಲ್ಲಿ ಅದು ಸಣ್ಣದು. ಪೆನ್ಸಿಲಿನಲ್ಲಿ ಬರೆದಿದ್ದೇನೆ.