32ನೇ ಕಿಲೋಮೀಟರ್ ಹತ್ತಿರ ನಿಂತುಕೊಳ್ಳಿ

ಗೆಳೆಯರು 42 ಕಿಲೋಮೀಟರಿನ ಮ್ಯಾರಥಾನ್ ಓಡುತ್ತಾರೆ ಅಂದರೆ ನೋಡಲು ಬರುವವರು ಹೆಚ್ಚಾಗಿ ಸೀದಾ ಫಿನಿಶ್ ಲೈನ್ ಹತ್ತಿರ ಹೋಗಿ ನಿಲ್ಲುತ್ತಾರೆ. ನಾನು ಅಲ್ಲಿಗೆ ಹೋಗುವುದು ಕೊನೆಯಲ್ಲಿ ಮಾತ್ರ. ಅಲ್ಲಿ ಹೇಗೂ ಜನ ಇರುತ್ತಾರೆ, ಮೈಕ್ ಇರುತ್ತದೆ, ಹಾಡು ಇರುತ್ತದೆ. ಗೆರೆ ಕಣ್ಣಿಗೆ ಕಾಣುತ್ತಿರುವಾಗ ಎಂಥಾ ಸುಸ್ತಾದವರೂ ಹೇಗೋ ಓಡಿಬಿಡುತ್ತಾರೆ. ನಮ್ಮವರಿಗೆ ನಾವು ನಿಜಕ್ಕೂ ಬೇಕಾಗುವುದು 30ರಿಂದ 36 ಕಿಲೋಮೀಟರ್ ನಡುವೆ.

ಯಾಕೆ ಅಂದರೆ, ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಡಲು ಬೇಗ ಸಿಗುವ ಸಕ್ಕರೆಯ ದಾಸ್ತಾನು, ಹೆಚ್ಚಿನವರಿಗೆ ಅಷ್ಟು ಹೊತ್ತಿಗೆ ತಳ ಕಾಣುತ್ತಿರುತ್ತದೆ. ಕೊಬ್ಬಿನಿಂದ ಶಕ್ತಿ ಬರುತ್ತದೆ, ಆದರೆ ಅದೇ ವೇಗಕ್ಕೆ ಸಾಲುವಷ್ಟು ಬೇಗ ಬರುವುದಿಲ್ಲ. ಕಾಲು ಭಾರ, ತಲೆ ಮಂಕು, ಬಿಟ್ಟುಬಿಡೋಣ ಅನ್ನುವ ಯೋಚನೆ, ಎಲ್ಲ ಒಟ್ಟಿಗೇ ಬರುತ್ತವೆ. ಅದೇ ಜಾಗದಲ್ಲಿ ರಸ್ತೆಯೂ ಖಾಲಿ. ಹಾಫ್ ಮ್ಯಾರಥಾನ್ (ಅರ್ಧ ದೂರ) ಓಡುವವರು ಬೇರೆ ಕಡೆ ತಿರುಗಿಯಾಗಿರುತ್ತದೆ, ನೋಡುವವರು ಮನೆಗೋ ಫಿನಿಶ್ ಹತ್ತಿರಕ್ಕೋ ಹೋಗಿರುತ್ತಾರೆ. ಅಂಥ ಕಡೆ ಯಾರೋ ಒಬ್ಬರು ಹೆಸರು ಹಿಡಿದು ಕೂಗಿದರೆ ಅದರ ಬೆಲೆಯೇ ಬೇರೆ. ಆ ಹೊತ್ತಿನಲ್ಲಿ ಓಡುತ್ತಿದ್ದವರ ಮುಖ ನೋಡಿಯೇ ನಾನು ಇದನ್ನು ನಂಬಿರುವುದು.

ಜಾಗ ಆರಿಸುವ ಕೆಲಸವನ್ನು ನಾನು ಹಿಂದಿನ ದಿನವೇ ಮುಗಿಸುತ್ತೇನೆ. ಓಟದ ಮ್ಯಾಪ್ ತೆರೆದು ಮೊದಲು ಹುಡುಕುವುದು, ಹೋದ ರಸ್ತೆಯಲ್ಲೇ ವಾಪಸ್ ಬರುವ ಭಾಗ ಎಲ್ಲಿದೆ ಅಂತ. ಅಂಥ ಕಡೆ ನಿಂತರೆ ಒಂದೇ ಜಾಗದಲ್ಲಿ ಎರಡು ಸಲ ಸಿಗುತ್ತಾರೆ. ಇನ್ನೊಂದು, ಓಟ ನಡೆಯುವಾಗ ಬ್ಯಾರಿಕೇಡ್ ದಾಟಿ ರಸ್ತೆಯ ಆ ಕಡೆ ಹೋಗುವುದು ಸುಲಭವಲ್ಲ, ಅದಕ್ಕೆ ಯಾವ ಬದಿ ಅಂತ ಮೊದಲೇ ತೀರ್ಮಾನ ಆಗಿರಬೇಕು. ನೀರು ಕೊಡುವ ಜಾಗದ ಪಕ್ಕ ಮಾತ್ರ ಬೇಡ. ಅಲ್ಲಿ ಓಡುವವರ ಕಣ್ಣೆಲ್ಲ ಲೋಟದ ಮೇಲೆ, ನಿಮ್ಮನ್ನು ನೋಡುವುದೇ ಇಲ್ಲ. ಅಲ್ಲಿಂದ ಇನ್ನೂರು ಮೀಟರ್ ಮುಂದೆ ಹೋಗಿ ನಿಲ್ಲಿ. ನೀರು ಕುಡಿದು ನಡೆಯುತ್ತಿರುವವರು ಮತ್ತೆ ಓಡಲು ಶುರು ಮಾಡಬೇಕಾದ ಜಾಗ ಅದು.

ಆಮೇಲೆ ಓಡುವವರಿಗೆ ಅದನ್ನು ಸರಿಯಾಗಿ ಹೇಳಬೇಕು. 'ಎಲ್ಲೋ ದಾರಿಯಲ್ಲಿ ಇರ್ತೀನಿ' ಅಂದರೆ ಪ್ರಯೋಜನ ಇಲ್ಲ. 'ನಿನ್ನ ಎಡಗಡೆ, 32ರ ಬೋರ್ಡ್ ದಾಟಿದ ಮೇಲೆ, ಹಳದಿ ಛತ್ರಿ' ಅಂತ ಹೇಳಿದರೆ ಅವರು ಒಂದು ಕಿಲೋಮೀಟರ್ ಹಿಂದಿನಿಂದಲೇ ಹುಡುಕಲು ಶುರು ಮಾಡುತ್ತಾರೆ. ಸಾವಿರಾರು ಜನರ ನಡುವೆ ನಾವು ಅವರನ್ನು ಗುರುತು ಹಿಡಿಯುವುದಕ್ಕಿಂತ ಅವರು ನಮ್ಮನ್ನು ನೋಡುವುದು ಸುಲಭ. ಆದರೂ ಬೆಳಿಗ್ಗೆ ಹೊರಡುವ ಮುಂಚೆ ಒಂದು ಫೋಟೊ ಕಳಿಸಲು ಹೇಳುತ್ತೇನೆ, ಟೋಪಿ, ಬನಿಯನ್, ಶೂ ಬಣ್ಣ ಎಲ್ಲ ಕಾಣುವ ಹಾಗೆ.

ಇನ್ನು ಲೆಕ್ಕ. ಒಬ್ಬ ಗೆಳತಿ ಕಿಲೋಮೀಟರಿಗೆ ಆರೂವರೆ ನಿಮಿಷದ ಪೇಸ್ ಹಿಡಿಯುತ್ತೇನೆ ಅಂದಿದ್ದಳು. ಓಟ ಶುರುವಾಗುವುದು 6 ಗಂಟೆಗೆ. ಅವಳ ವೇವ್ (ಒಟ್ಟಿಗೆ ಓಟಕ್ಕೆ ಬಿಡುವ ಗುಂಪು) ಹಿಂದೆ ಇದ್ದದ್ದರಿಂದ ಸ್ಟಾರ್ಟ್ ಲೈನ್ ದಾಟುವಾಗಲೇ 6:15 ಆಗುತ್ತದೆ ಅಂತ ಇಟ್ಟುಕೊಂಡೆ. 32 ಕಿಲೋಮೀಟರಿಗೆ 208 ನಿಮಿಷ, ಅಂದರೆ 9:43ಕ್ಕೆ ನನ್ನ ಮುಂದೆ ಬರಬೇಕು. 25 ಆದ ಮೇಲೆ ಕಿಲೋಮೀಟರಿಗೆ ಒಂದು ನಿಮಿಷ ನಿಧಾನವಾದರೆ 9:50. ಫಿನಿಶ್ ಲೈನಿಗೆ ಬರುವಷ್ಟರಲ್ಲಿ ಅದೇ ವ್ಯತ್ಯಾಸ 17 ನಿಮಿಷ ಆಗುತ್ತದೆ. ಈ ಸಮಯಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಫೋನ್ ಕೈಕೊಟ್ಟರೂ ಚೀಟಿ ಕೈಕೊಡುವುದಿಲ್ಲ.

ಟ್ರ್ಯಾಕಿಂಗ್ ಆ್ಯಪ್ ಇದೆಯಲ್ಲ ಅನ್ನಬಹುದು. ಇದೆ, ಒಳ್ಳೆಯದೇ. ಆದರೆ ಅದು ಕೆಲಸ ಮಾಡುವ ರೀತಿ ತಿಳಿದಿರಬೇಕು. ಬನಿಯನ್ ಮೇಲೆ ಸಿಕ್ಕಿಸುವ ನಂಬರ್ ಚೀಟಿ, ಅಂದರೆ ಬಿಬ್‌ನಲ್ಲಿರುವ ಚಿಪ್ ರಸ್ತೆಯ ಮೇಲೆ ಹಾಸಿದ ಮ್ಯಾಟ್ ದಾಟಿದಾಗ ಮಾತ್ರ ನಿಜವಾದ ಸಮಯ ದಾಖಲಾಗುತ್ತದೆ, ಈ ಮ್ಯಾಟ್‌ಗಳು ಹೆಚ್ಚಾಗಿ ಐದೈದು ಕಿಲೋಮೀಟರಿಗೆ ಒಂದು ಇರುತ್ತವೆ. ಎರಡು ಮ್ಯಾಟ್ ನಡುವೆ ಮ್ಯಾಪಿನ ಮೇಲೆ ಓಡುವ ಚುಕ್ಕೆ ಹಿಂದಿನ ವೇಗ ನೋಡಿ ಮಾಡಿದ ಬರೀ ಅಂದಾಜು. ಓಡುವವರು ನಿಧಾನವಾದರೆ ಚುಕ್ಕೆ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ.

ಒಂದು ಸಲ ಹೀಗೇ ಆಯಿತು. ನಮ್ಮ ಗೆಳೆಯನ ಚುಕ್ಕೆ ನಾವು ನಿಂತ ಜಾಗ ದಾಟಿ ಅರ್ಧ ಕಿಲೋಮೀಟರ್ ಮುಂದೆ ಇತ್ತು. 'ಹೋಗ್ಬಿಟ್ಟ ಕಣೋ, ನಾವೇ ನೋಡ್ಲಿಲ್ಲ' ಅಂತ ಜೊತೆಯಲ್ಲಿದ್ದವನು ಬ್ಯಾಗ್ ಎತ್ತಿಕೊಂಡ. ಇರು ಅಂದೆ. ಸ್ವಲ್ಪ ಹೊತ್ತಿಗೆ ಬಂದ, ನಡೆದುಕೊಂಡು. ಕಿವಿಯ ಪಕ್ಕ ಬೆವರು ಒಣಗಿ ಉಪ್ಪು ಬಿಳಿ ಗೆರೆಯಾಗಿ ನಿಂತಿತ್ತು, ಭುಜ ಎರಡೂ ಕಿವಿಯ ಹತ್ತಿರ ಏರಿದ್ದವು, ಬಲಗಾಲಿನ ಶೂ ಪ್ರತಿ ಹೆಜ್ಜೆಗೂ ರಸ್ತೆಗೆ ಉಜ್ಜುತ್ತಿದ್ದ ಸದ್ದು ನಮಗೆ ಕೇಳುತ್ತಿತ್ತು. ಹೆಸರು ಕೂಗಿದೆ. ತಲೆ ಎತ್ತಿದ. 'ಭುಜ ಸಡಿಲ ಬಿಡು. ಆ ಮುಂದಿನ ಲೈಟ್ ಕಂಬದ ತನಕ ಓಡು, ಆಮೇಲೆ ನಡಿ' ಅಂದೆ. ಭುಜ ಇಳಿಸಿದ, ಓಡಿದ, ಕಂಬ ದಾಟಿದ ಮೇಲೂ ನಿಲ್ಲಲಿಲ್ಲ. ತಿರುವಿನಲ್ಲಿ ಮರೆಯಾಗುವ ತನಕ ನಾವಿಬ್ಬರೂ ಅವನ ಬೆನ್ನಿಗೆ ಕೂಗುತ್ತಲೇ ಇದ್ದೆವು. ಆಮೇಲೆ ಅವನೇ ಹೇಳಿದ, ಮುಂದೆಲ್ಲ ಕಂಬ ಎಣಿಸಿಕೊಂಡೇ ಓಡಿದೆ ಅಂತ.

ಹೀಗಾಗಿ ಏನು ಕೂಗಬೇಕು ಅನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. 'ಇನ್ನೇನು ಬಂದೇ ಬಿಡ್ತು' ಅಂತ ದಯವಿಟ್ಟು ಹೇಳಬೇಡಿ. 32ರಲ್ಲಿ ಓಡುತ್ತಿರುವವರಿಗೆ ಇನ್ನೂ ಹತ್ತು ಕಿಲೋಮೀಟರ್ ಬಾಕಿ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 'ಸುಸ್ತಾಯ್ತಾ?' ಅಂತಲೂ ಕೇಳಬೇಡಿ. ಹೆಸರು ಕರೆಯಿರಿ, ಕಣ್ಣಿಗೆ ಕಂಡ ನಿಜ ಹೇಳಿ. 'ಕಾಲು ಚೆನ್ನಾಗಿ ಬೀಳ್ತಿದೆ', 'ಈ ಏರು ಇಲ್ಲಿಗೆ ಮುಗೀತು', ಇಷ್ಟು ಸಾಕು. ಬೋರ್ಡ್ ಹಿಡಿಯುವುದಾದರೆ ಎರಡೋ ಮೂರೋ ಪದ, ದಪ್ಪ ಅಕ್ಷರ. ಜಾಸ್ತಿ ಬರೆದರೆ ಓಡುವವರಿಗೆ ಓದಲು ಆಗುವುದಿಲ್ಲ. ನಮ್ಮವರು ಬರುವ ತನಕ ಸುಮ್ನೆ ನಿಲ್ಲುವುದೂ ನನಗೆ ಆಗದು. ಬಹಳ ಕಡೆ ಬಿಬ್ ಮೇಲೆ ಹೆಸರು ಇರುತ್ತದೆ, ಓದಿ ಕೂಗಿ. ಗುರುತಿಲ್ಲದವರು ತಿರುಗಿ ನಕ್ಕು ಕೈ ಎತ್ತುವುದು ನೋಡಿದರೆ ಎಷ್ಟು ಖುಷಿಯಾಗುತ್ತೆ ಗೊತ್ತಾ! ನಮ್ಮವರು ಹೋದ ತಕ್ಷಣ ಜಾಗ ಖಾಲಿ ಮಾಡಬೇಡಿ, ಹಿಂದೆ ಬರುವ ನಿಧಾನದವರಿಗೆ ಕೂಗುವವರು ಬಹಳ ಕಡಿಮೆ.

ಸಹಾಯ ಮಾಡುವ ಆಸೆ ಬರುತ್ತದೆ, ಅದಕ್ಕೊಂದು ಮಿತಿ ಇದೆ. 1908ರ ಲಂಡನ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಮೊದಲು ಸ್ಟೇಡಿಯಂ ಒಳಗೆ ಬಂದರು, ಆದರೆ ಮತ್ತೆ ಮತ್ತೆ ಕುಸಿದು ಬಿದ್ದರು. ಅಧಿಕಾರಿಗಳು ಎತ್ತಿ ನಿಲ್ಲಿಸಿ ಗೆರೆ ದಾಟಿಸಿದರು. ಹಾಗೆ ನೆರವು ಪಡೆದದ್ದಕ್ಕೇ ಅನರ್ಹರಾದರು, ಚಿನ್ನ ಅಮೆರಿಕದ ಜಾನಿ ಹೇಯ್ಸ್ ಪಾಲಾಯಿತು. ಇವತ್ತಿನ 42.195 ಕಿಲೋಮೀಟರ್ ದೂರವೂ ಅದೇ ಓಟದಿಂದ ಬಂದದ್ದು, 1921ರಲ್ಲಿ ಅದನ್ನೇ ಖಾಯಂ ಮಾಡಿದರು. ಹೊರಗಿನವರು ಪಕ್ಕದಲ್ಲಿ ಓಡಿ ಪೇಸ್ ಕೊಡುವುದು ಈಗಲೂ ನಿಯಮಕ್ಕೆ ವಿರುದ್ಧ. ಅದಕ್ಕೆ ನಾನು ಬ್ಯಾರಿಕೇಡ್ ಈಚೆಯೇ ಇರುತ್ತೇನೆ. ಯಾರಾದರೂ ತೊದಲುತ್ತಿದ್ದರೆ, ನೇರ ನಡೆಯಲಾಗದೆ ತೂರಾಡುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಮಾತ್ರ ನಿಯಮ ಗಿಯಮ ನೋಡಬೇಡಿ. ತಕ್ಷಣ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ. ಬಿಬ್ ಹಿಂಬದಿಯಲ್ಲಿ ಮನೆಯವರ ನಂಬರ್ ಬರೆದಿರುವ ಸಾಧ್ಯತೆ ಇದೆ, ತಿರುಗಿಸಿ ನೋಡಿ.

ಫಿನಿಶ್ ಆದ ಮೇಲೆ ಮೆಡಲ್, ನೀರು, ಬ್ಯಾಗ್ ಎಲ್ಲ ತೆಗೆದುಕೊಂಡು ಹೊರಗೆ ಬರಲು ಅರ್ಧ ಗಂಟೆಯೇ ಹಿಡಿಯಬಹುದು. ಅಷ್ಟೊಂದು ಜನ ಒಟ್ಟಿಗೆ ಸೇರಿದಾಗ ನೆಟ್‌ವರ್ಕ್ ನಂಬುವ ಹಾಗಿಲ್ಲ, ಸೇರುವ ಜಾಗ ಮೊದಲೇ ಗೊತ್ತು ಮಾಡಿರಿ. ನನ್ನ ಚೀಲದಲ್ಲಿ ಒಣ ಬಟ್ಟೆ, ಚಪ್ಪಲಿ, ಉಪ್ಪಿನಂಶ ಇರುವ ತಿಂಡಿ ಇರುತ್ತವೆ. ಓಟ ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಮೈ ಬೇಗ ತಣ್ಣಗಾಗುತ್ತದೆ. ಬಂದ ಕೂಡಲೇ ಅಲುಗಾಡದೆ ನಿಲ್ಲಲೂ ಬಿಡುವುದಿಲ್ಲ, ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಮಾತಾಡಿಸುತ್ತಾ ಸ್ವಲ್ಪ ನಡೆಸುತ್ತೇನೆ. ಎಷ್ಟು ಟೈಮ್ ಆಯ್ತು ಅಂತ ನಾನಾಗಿ ಕೇಳುವುದಿಲ್ಲ, ಹೇಳಬೇಕು ಅನ್ನಿಸಿದವರು ತಾವೇ ಹೇಳುತ್ತಾರೆ. ಮನೆಗೆ ಹೋಗಲು ಮೆಟ್ಟಿಲು ಕಡಿಮೆ ಇರುವ ದಾರಿ ನೋಡಿಟ್ಟಿರಿ. ತೊಡೆಯ ಮುಂಭಾಗ ಅಷ್ಟು ಪೆಟ್ಟು ತಿಂದಿರುವಾಗ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅವರು ಒಂದೊಂದೇ ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳಲು ನಿಮ್ಮ ಭುಜ ಬೇಕಾಗುತ್ತದೆ.