ಆಮದು ಸುಂಕ ಬದಲಾದಾಗ ಎಣ್ಣೆ, ಅಡಿಕೆಯ ಲೆಕ್ಕ ಹಾಕುವ ಬಗೆ

ಸುಂಕ ಹತ್ತು ಪರ್ಸೆಂಟ್ ಇಳಿಯಿತು ಎಂದರೆ ಅಂಗಡಿಯ ಎಣ್ಣೆ ಪ್ಯಾಕೆಟ್ ಹತ್ತು ಪರ್ಸೆಂಟ್ ಅಗ್ಗವಾಗುತ್ತದೆ ಎಂದಲ್ಲ. ಎಷ್ಟು ಇಳಿಯಬೇಕು ಎಂಬುದನ್ನು ಸಾಗರ, ತೀರ್ಥಹಳ್ಳಿಯ ಯಾರೂ ಒಂದು ಚೀಟಿಯಲ್ಲಿ ಲೆಕ್ಕ ಹಾಕಬಹುದು.

ಮೊದಲು ಪೂರ್ತಿ ಸುಂಕ ಹಿಡಿಯಿರಿ. ಪೇಪರಿನಲ್ಲಿ ಬರುವುದು ಸಾಮಾನ್ಯವಾಗಿ ಮೂಲ ಸುಂಕ ಮಾತ್ರ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ 20% ಆಯಿತು. ಅದಕ್ಕೆ ಕೃಷಿ ಸೆಸ್ 5%, ಇವೆರಡರ ಹತ್ತನೇ ಒಂದು ಪಾಲು ಸಮಾಜ ಕಲ್ಯಾಣ ಸರ್‌ಚಾರ್ಜ್ ಸೇರಿ ಒಟ್ಟು 27.5%. 2025ರ ಮೇ ಕೊನೆಗೆ ಮೂಲ ಸುಂಕ 10%ಗೆ ಇಳಿದಾಗ ಒಟ್ಟು 16.5% ಆಯಿತು. ವ್ಯತ್ಯಾಸ 11.

ಬಂದರಿಗೆ ಬಂದ ಕಚ್ಚಾ ಎಣ್ಣೆ ಕೆಜಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಸುಂಕದಲ್ಲಿ ಇಳಿಯುವುದು 11 ರೂಪಾಯಿ, ಅದರ ಮೇಲಿನ 5% ಜಿಎಸ್‌ಟಿ ಸೇರಿ 11.55. ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಹಾಗಾಗಿ ಲೀಟರಿಗೆ ಇಳಿಯಬೇಕಾದದ್ದು ಸುಮಾರು 10.50 ರೂಪಾಯಿ. ಲೀಟರನ್ನೇ ಕೆಜಿ ಎಂದು ಎಣಿಸಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಶುದ್ಧೀಕರಣ, ಪ್ಯಾಕಿಂಗ್, ಮಂಗಳೂರಿನಿಂದ ಘಟ್ಟ ಹತ್ತಿಸುವ ಲಾರಿ ಬಾಡಿಗೆ, ಡೀಲರ್ ಲಾಭ ಇವು ಸುಂಕದ ಜೊತೆ ಇಳಿಯುವುದಿಲ್ಲ.

ಇನ್ನೊಂದು ಕಡೆ ಜನ ಎಡವುತ್ತಾರೆ. ತಾಳೆ ಎಣ್ಣೆಗೆ, ಕಚ್ಚಾ ಸೋಯಾ ಎಣ್ಣೆಗೆ ಸುಂಕ ಹಾಕುವುದು ಬಿಲ್ಲಿನ ಬೆಲೆಯ ಮೇಲಲ್ಲ, ಕೇಂದ್ರ ಸರ್ಕಾರ ಸುಮಾರು ಹದಿನೈದು ದಿನಕ್ಕೊಮ್ಮೆ ಡಾಲರಿನಲ್ಲಿ ಪ್ರಕಟಿಸುವ ಸುಂಕ ಮೌಲ್ಯದ ಮೇಲೆ. ಆ ಮೌಲ್ಯ ಅಥವಾ ಡಾಲರ್ ಏರಿದರೆ ಇಳಿದ ಸುಂಕದ ಒಂದಷ್ಟು ಪಾಲು ಅಲ್ಲೇ ಕರಗುತ್ತದೆ. ಸುಂಕದ ದರ, ಸುಂಕ ಮೌಲ್ಯ, ಡಾಲರ್ ದರ ಮೂರನ್ನೂ ಒಂದೇ ದಿನದ್ದು ಬರೆದಿಟ್ಟುಕೊಳ್ಳಿ. ವಿದೇಶದಲ್ಲೇ ಶುದ್ಧೀಕರಿಸಿ ಬರುವ ಎಣ್ಣೆಗೆ ಮೇ ತಿಂಗಳ ಇಳಿಕೆ ಸಿಗಲಿಲ್ಲ, ಅದು 35.75%ರಲ್ಲೇ ಉಳಿಯಿತು.

ಏರಿಕೆ ಬೇಗ ಕಾಣುತ್ತದೆ, ಇಳಿಕೆ ಹಳೆ ದಾಸ್ತಾನು ಮುಗಿಯುವವರೆಗೆ ಕಾಯಿಸುತ್ತದೆ. ಇಳಿಕೆಯ ಸುದ್ದಿ ಬಂದ ಮೇಲೆ ಕೆಲವು ವಾರ ಡಬ್ಬಿ ಎತ್ತಬೇಡಿ, ಒಂದೊಂದೇ ಲೀಟರ್ ಕೊಳ್ಳಿ. ಪ್ಯಾಕಿಂಗ್ ತಾರೀಖು ನೋಡಿ. ಡಬ್ಬಿ ಕೊಳ್ಳಲೇಬೇಕಾದರೆ 15 ಕೆಜಿಯೋ 15 ಲೀಟರೋ ಓದಿಕೊಳ್ಳಿ.

ಅಡಿಕೆ ಬೆಳೆಗಾರರಿಗೆ ಲೆಕ್ಕ ತಿರುಗುಮುರುಗು, ಆಮದು ದುಬಾರಿಯಾದಷ್ಟೂ ಅವರಿಗೆ ಒಳ್ಳೆಯದು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ದರ ಕೆಜಿಗೆ 251ರಿಂದ 351 ರೂಪಾಯಿಗೆ ಏರಿತು, ಕ್ವಿಂಟಲಿಗೆ 35,100. ಇದನ್ನು ಬೆಂಬಲ ಬೆಲೆ ಎಂದು ತಿಳಿಯುವುದು ದೊಡ್ಡ ತಪ್ಪು. ಆ ದರಕ್ಕೆ ಸರ್ಕಾರ ಕೊಳ್ಳುವುದಿಲ್ಲ. ಅದಕ್ಕಿಂತ ಕಡಿಮೆ ಬೆಲೆ ತೋರಿಸಿ ತರುವಂತಿಲ್ಲ, ಅಷ್ಟೇ. ಸಾಮಾನ್ಯ ಆಮದಿಗೆ 100% ಮೂಲ ಸುಂಕವೂ ಇರುವುದರಿಂದ 351 ಎನ್ನುವುದು ಬಂದರಿನಲ್ಲೇ 702 ದಾಟುತ್ತದೆ. ಹೀಗಾಗಿ ನಿಜವಾದ ಪೆಟ್ಟು ಬೀಳುವುದು ಕಳ್ಳದಾರಿಯಲ್ಲಿ ಬರುವ ಮಾಲಿನಿಂದ.

ಆಮದಿನ ಸುದ್ದಿ ಬಂದಾಗ ಟನ್ನುಗಳನ್ನು ಒಣ ಅಡಿಕೆಗೆ ಇಳಿಸಿ ನೋಡಿ. 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ದರದಿಂದ ವಿನಾಯಿತಿ ಸಿಕ್ಕಿತು. ಕ್ವಿಂಟಲ್ ಹಸಿಗೆ 12-13 ಕೆಜಿ ಕೆಂಪಡಿಕೆ ಎಂದರೆ ಅದು ಎರಡು ಸಾವಿರ ಟನ್ ಚಿಲ್ಲರೆ. ಅದಕ್ಕೆ ಹೆದರಿ ಚೀಲಗಳನ್ನೆಲ್ಲ ಒಂದೇ ವಾರ ಮಂಡಿಗೆ ಹಾಕಿದರೆ ಧಾರಣೆ ಇಳಿಸಿದವರು ನಾವೇ. ಸಾಲದ ಕಂತಿಗೆ ಬೇಕಾದಷ್ಟು ಮಾತ್ರ ಹಾಕಿ, ರಾಶಿ ಎಂಬ ದರ್ಜೆಯ ಅಡಿಕೆಯ ದರವನ್ನು ರಾಶಿಯ ಜೊತೆಗೇ ಹೋಲಿಸಿ, ಗರಿಷ್ಠ ದರ ಬಿಟ್ಟು ಹೆಚ್ಚು ಚೀಲ ಹೋದ ದರವನ್ನು ಬರೆದುಕೊಳ್ಳಿ.