ಬೇರೆ ಗುರುತ್ವದಲ್ಲಿ ತೂಕವನ್ನೂ ದ್ರವ್ಯರಾಶಿಯನ್ನೂ ಕಂಡುಹಿಡಿಯುವ ವಿಧಾನ

ವಸ್ತುವೊಂದರಲ್ಲಿ ಇರುವ ದ್ರವ್ಯದ ಪ್ರಮಾಣವೇ ದ್ರವ್ಯರಾಶಿ. ಅದನ್ನು ಕಿಲೋಗ್ರಾಂನಲ್ಲಿ ಹೇಳುತ್ತೇವೆ. ಆ ವಸ್ತುವನ್ನು ಭೂಮಿಯೋ ಚಂದ್ರನೋ ತನ್ನತ್ತ ಸೆಳೆಯುವ ಬಲವೇ ತೂಕ; ಅದರ ಮಾನ ನ್ಯೂಟನ್. ಅಂಗಡಿಯಲ್ಲಿ ತೂಕವನ್ನೂ ಕಿಲೋದಲ್ಲಿಯೇ ಹೇಳುವ ರೂಢಿಯಿಂದ ನಿತ್ಯವ್ಯವಹಾರಕ್ಕೆ ತೊಂದರೆಯೇನೂ ಇಲ್ಲ, ಆದರೆ ಲೆಕ್ಕವು ಭೂಮಿಯನ್ನು ಬಿಟ್ಟು ಹೊರಟಾಗ ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಲೇಬೇಕು.

ತೂಕ ಬೇಕಾದರೆ ದ್ರವ್ಯರಾಶಿಯನ್ನು ಆ ಸ್ಥಳದ ಗುರುತ್ವ ವೇಗೋತ್ಕರ್ಷದಿಂದ, ಅಂದರೆ ಅಲ್ಲಿ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆಯೋ ಆ ಪ್ರಮಾಣದಿಂದ, ಗುಣಿಸಿ. ಇದರ ಬೆಲೆ, ಸೆಕೆಂಡಿನ ವರ್ಗಕ್ಕೆ ಮೀಟರ್ ಲೆಕ್ಕದಲ್ಲಿ, ಭೂಮಿಯ ಮೇಲೆ ಸುಮಾರು 9.8, ಮಂಗಳದ ಮೇಲೆ 3.7, ಚಂದ್ರನ ಮೇಲೆ 1.62. ಚಂದ್ರಯಾನ-3ರ ಪ್ರಜ್ಞಾನ್ ರೋವರನ್ನೇ ತೆಗೆದುಕೊಳ್ಳೋಣ. ಅದರ ದ್ರವ್ಯರಾಶಿ 26 ಕಿಲೋಗ್ರಾಂ. ಇಲ್ಲಿ ಅದರ ತೂಕ ಸುಮಾರು 255 ನ್ಯೂಟನ್ ಇದ್ದರೆ, 2023ರ ಆಗಸ್ಟ್‌ನಲ್ಲಿ ಚಂದ್ರನ ನೆಲಕ್ಕಿಳಿದಾಗ ಅದು ಸುಮಾರು 42 ನ್ಯೂಟನ್‌ಗೆ ಇಳಿದಿತ್ತು. ಹಾಗೆಂದು ರೋವರನ್ನು ತಳ್ಳುವುದು ಆರು ಪಟ್ಟು ಸುಲಭವಾಯಿತೆಂದು ಭಾವಿಸಬಾರದು. ಎತ್ತುವುದು ಹಗುರವಾಗುತ್ತದೆ, ಚಕ್ರಕ್ಕೂ ನೆಲಕ್ಕೂ ನಡುವಿನ ಘರ್ಷಣೆ ಕುಗ್ಗುತ್ತದೆ. ಆದರೆ ನಿಂತದ್ದನ್ನು ಚಲಿಸುವಂತೆ ಮಾಡುವಾಗ ಅಥವಾ ಚಲಿಸುತ್ತಿರುವುದನ್ನು ತಡೆಯುವಾಗ ಎದುರಾಗುವ ಜಡತ್ವ ಪೂರ್ತಿ 26 ಕಿಲೋಗ್ರಾಂನದೇ. ‘ಚಂದ್ರನಲ್ಲಿ ಆರನೇ ಒಂದು ಭಾಗ’ ಎಂದು ಬಾಯಿಪಾಠ ಮಾಡಿದವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಇನ್ನು ಅಳತೆಯ ವಿಚಾರ. ಕೈಯಲ್ಲಿರುವ ಉಪಕರಣ ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಎರಡು ತಟ್ಟೆಯ ತಕ್ಕಡಿಯಲ್ಲಿ ವಸ್ತುವಿನ ಮೇಲೂ ಬಟ್ಟಿನ ಮೇಲೂ ಒಂದೇ ಗುರುತ್ವ ಎಳೆಯುವುದರಿಂದ, ಚಂದ್ರನ ಮೇಲೂ ಅದು ಸರಿಯಾದ ದ್ರವ್ಯರಾಶಿಯನ್ನೇ ತೋರಿಸುತ್ತದೆ. ಸ್ಪ್ರಿಂಗ್ ತ್ರಾಸು ಮತ್ತು ಎಲೆಕ್ಟ್ರಾನಿಕ್ ತೂಕದ ಯಂತ್ರ ಅಳೆಯುವುದು ಬಲವನ್ನು. ಅದನ್ನು ಭೂಮಿಯ ಲೆಕ್ಕಕ್ಕೆ ಭಾಗಿಸಿ ಕಿಲೋದಲ್ಲಿ ತೋರಿಸುತ್ತವೆ, ಅಷ್ಟೆ. ಇಲ್ಲಿ ಹೊಂದಿಸಿದ ಇಂತಹ ಯಂತ್ರವನ್ನು ಚಂದ್ರನಲ್ಲಿಟ್ಟರೆ ಪ್ರಜ್ಞಾನ್ ಕೇವಲ 4.3 ಕಿಲೋ ಎಂದೀತು. ಈ ದೋಷಕ್ಕಾಗಿ ಚಂದ್ರನವರೆಗೆ ಹೋಗಬೇಕಾಗಿಯೂ ಇಲ್ಲ: ಸಮುದ್ರಮಟ್ಟದಲ್ಲಿ ಗುರುತ್ವ ಸಮಭಾಜಕದ ಬಳಿ 9.780, ಧ್ರುವದಲ್ಲಿ 9.832 ಇರುವುದರಿಂದ, ಒಂದು ಕಡೆ ಹೊಂದಿಸಿದ ಯಂತ್ರವನ್ನು ಇನ್ನೊಂದು ಕಡೆಗೆ ಒಯ್ದರೆ ಕಿಲೋಗೆ ಸುಮಾರು 5 ಗ್ರಾಂ ವ್ಯತ್ಯಾಸ ಬರುತ್ತದೆ. ಚಿನ್ನದ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ಸೂಕ್ಷ್ಮ ಯಂತ್ರಗಳನ್ನು ಬಳಸುವ ಸ್ಥಳದಲ್ಲಿಯೇ, ದ್ರವ್ಯರಾಶಿ ಗೊತ್ತಿರುವ ಬಟ್ಟನ್ನಿಟ್ಟು ಹೊಂದಿಸಬೇಕು.

ಪರಿಭ್ರಮಿಸುವ ಬಾಹ್ಯಾಕಾಶ ನಿಲ್ದಾಣದಲ್ಲಿ ಮೇಲಿನ ಯಾವ ಉಪಕರಣವೂ ನಡೆಯುವುದಿಲ್ಲ. ಅಲ್ಲಿ ಗುರುತ್ವ ಇಲ್ಲವೆಂದಲ್ಲ. 400 ಕಿಲೋಮೀಟರ್ ಎತ್ತರದಲ್ಲಿಯೂ ನೆಲದ ಮೇಲಿನ ಸುಮಾರು ಶೇಕಡ 90ರಷ್ಟು ಉಳಿದಿರುತ್ತದೆ. ನಿಲ್ದಾಣವೂ ಒಳಗಿರುವವರೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ಇಂತಹ ಕಡೆ ಜಡತ್ವವನ್ನೇ ಅಳೆಯಬೇಕು. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಗಗನಯಾತ್ರಿಗಳು ಸ್ಪ್ರಿಂಗ್‌ಗೆ ಜೋಡಿಸಿದ ಆಸನದಲ್ಲಿ ಕುಳಿತು ತೂಗಾಡಿ ತಮ್ಮ ದ್ರವ್ಯರಾಶಿಯನ್ನು ಕಂಡುಕೊಳ್ಳುತ್ತಿದ್ದರು. ದ್ರವ್ಯರಾಶಿ ಹೆಚ್ಚಿದಷ್ಟೂ ಒಂದು ಆಂದೋಲನಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಆ ಸಮಯದ ವರ್ಗವನ್ನು ಸ್ಪ್ರಿಂಗ್‌ನ ಸ್ಥಿರಾಂಕದಿಂದ (ಸ್ಪ್ರಿಂಗನ್ನು ಎಳೆಯಲು ಮೀಟರಿಗೆ ಎಷ್ಟು ಬಲ ಬೇಕೆಂಬ ಲೆಕ್ಕ) ಗುಣಿಸಿ, ಪೈ ವರ್ಗದ ನಾಲ್ಕು ಪಟ್ಟಿನಿಂದ, ಅಂದರೆ 39.48ರಿಂದ, ಭಾಗಿಸಿ. ಸ್ಥಿರಾಂಕವು ಮೀಟರಿಗೆ 600 ನ್ಯೂಟನ್ ಆಗಿದ್ದು ಒಂದು ಆಂದೋಲನಕ್ಕೆ 2 ಸೆಕೆಂಡ್ ಹಿಡಿದರೆ ಉತ್ತರ 60.8 ಕಿಲೋಗ್ರಾಂ. ಇದರಲ್ಲಿ ಆಸನದ ಪಾಲೂ ಸೇರಿರುವುದರಿಂದ, ಖಾಲಿ ಆಸನವನ್ನು ಮೊದಲೇ ತೂಗಾಡಿಸಿ ಬಂದ ಬೆಲೆಯನ್ನು ಇದರಿಂದ ಕಳೆಯಬೇಕು.